ಸುಲಿಯುವ ಚಪ್ಪರದಲ್ಲಿ ಅಕ್ಷರ ಕಲಿಸಬಹುದೇ?

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಅಡಿಕೆ ಕೊಯ್ಲು ಆರಂಭವಾದರೆ ಊರಿನ ದಿನಚರಿಯೇ ಬೇರೆಯಾಗುತ್ತದೆ. ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಲು ಹರವಬೇಕು. ಹಗಲು ಗೊನೆ ಕೊಯ್ಲು, ಸಂಜೆಯಿಂದ ರಾತ್ರಿಯವರೆಗೆ ಸುಲಿತ. ಮೆಟ್ಟುಗತ್ತಿಯ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. ಕೂಲಿ ಸಿಗುವುದು ಸುಲಿದ ಅಡಿಕೆಯ ಅಳತೆಯ ಮೇಲೆ. ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವವರು ತೋಟದ ಯಜಮಾನರೋ, ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರರ ಕಡೆಯವರೋ ಆಗಿರುತ್ತಾರೆ. ಓದಲು ಬಾರದ ಹೆಂಗಸು ಬಟವಾಡೆಯ ದಿನ ತನ್ನ ನೆನಪನ್ನೂ ಬರೆದುಕೊಂಡವರ ಪ್ರಾಮಾಣಿಕತೆಯನ್ನೂ ನೆಚ್ಚಿಕೊಳ್ಳಬೇಕು. ಬಹುಪಾಲು ಕಡೆ ಆ ನಂಬಿಕೆಗೆ ಮೋಸವಾಗುವುದಿಲ್ಲ ಎಂಬುದನ್ನು ಹೇಳಲೇಬೇಕು. ಆದರೂ ತನ್ನ ದುಡಿಮೆಯ ಲೆಕ್ಕವನ್ನು ತಾನೇ ಓದಲಾಗದ ಸ್ಥಿತಿ ನ್ಯಾಯವಾದುದಲ್ಲ ಎಂಬ ಬಗ್ಗೆ ಈ ಚರ್ಚೆಯ ಎರಡೂ ಪಕ್ಷದವರಿಗೆ ಒಮ್ಮತವಿದೆ.

ಒಮ್ಮತವಿಲ್ಲದಿರುವುದು ಮುಂದಿನ ಹೆಜ್ಜೆಯ ಬಗ್ಗೆ. ಓದು, ಬರಹ, ಲೆಕ್ಕವನ್ನು ದುಡಿಯುವ ವಯಸ್ಕರಿಗೆ ಎಲ್ಲಿ ಕಲಿಸಬೇಕು? ಕೆಲಸದ ಜಾಗದಲ್ಲೇ, ಕೂಲಿ ಸಿಗುವ ಹೊತ್ತಿನಲ್ಲೇ, ಕೆಲಸಕ್ಕೆ ಬೇಕಾದಷ್ಟನ್ನು ಮೊದಲು ಕಲಿಸುವುದು ಲೇಸೆಂದು ಕೆಲವರು ಹೇಳುತ್ತಾರೆ. ಕಲಿಕೆ ಊರಿನಲ್ಲಿ ಇರಬೇಕು, ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಯಜಮಾನನ ಕಣ್ಣಿಗೆ ದೂರವಾಗಿ ನಡೆಯಬೇಕು ಎಂಬುದು ಇನ್ನು ಕೆಲವರ ನಿಲುವು. ಎರಡರ ಹಿಂದೆಯೂ ಅನುಭವವಿದೆ.

ಎರಡನೆಯ ದಾರಿಯೇ ನಮ್ಮಲ್ಲಿ ಹಳೆಯದು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ವಯಸ್ಕರ ರಾತ್ರಿ ಶಾಲೆಗಳಿಗೆ ಒತ್ತಾಸೆ ಕೊಟ್ಟರು. ಅವರು ಅಧಿಕಾರ ಬಿಟ್ಟ ಮೇಲೆ ಆ ಶಾಲೆಗಳು ಸೊರಗಿದವು. 1941ರ ಸುಮಾರಿಗೆ ಮೈಸೂರಿನಲ್ಲಿ ಮೊದಲಾದ ವಯಸ್ಕರ ಶಿಕ್ಷಣದ ಸಂಘಟಿತ ಕೆಲಸ ಮುಂದೆ ರಾಜ್ಯ ವಯಸ್ಕರ ಶಿಕ್ಷಣ ಮಂಡಳಿಯ ರೂಪ ಪಡೆಯಿತು. ಹೊಸದಾಗಿ ಓದಲು ಕಲಿತವರಿಗೆಂದು ಅದು 'ಬೆಳಕು' ಪತ್ರಿಕೆಯನ್ನು ಹೊರತಂದಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರಿಂದ 2018ರವರೆಗೆ ಸಾಕ್ಷರ ಭಾರತ, 2022ರಿಂದ ಈಚೆಗೆ ಉಲ್ಲಾಸ್ ಹೆಸರಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ ಬಂದವು. 2011ರ ಜನಗಣತಿಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸಾಕ್ಷರತೆ ಶೇ. 80.45ಕ್ಕೆ ಮುಟ್ಟಿತ್ತು, ರಾಜ್ಯದ ಸರಾಸರಿ ಶೇ. 75.36 ಇತ್ತು. ಜಿಲ್ಲೆ ಹಿಂದುಳಿದದ್ದಲ್ಲ. ಆದರೆ ಏಳು ವರ್ಷ ಮೀರಿದ ಐವರಲ್ಲಿ ಒಬ್ಬರು ಅಕ್ಷರದ ಹೊರಗೇ ಉಳಿದಿದ್ದರು ಎಂಬುದೂ ಅದೇ ಅಂಕಿಯಲ್ಲಿದೆ. ಅವರಲ್ಲಿ ಬಹಳ ಮಂದಿ ಶಾಲೆಯ ವಯಸ್ಸು ದಾಟಿ ದುಡಿಮೆಯಲ್ಲಿ ತೊಡಗಿದವರು.

ಕೆಲಸದ ಜಾಗವನ್ನು ಆರಿಸುವವರ ಅತಿ ಬಲವಾದ ವಾದ ಇಲ್ಲಿಂದ ಹೊರಡುತ್ತದೆ. ಅಷ್ಟು ಅಭಿಯಾನಗಳು ನಡೆದ ಮೇಲೂ ಉಳಿದುಕೊಂಡವರು ಆಸಕ್ತಿಯಿಲ್ಲದೆ ಉಳಿದವರಲ್ಲ, ಬಿಡುವಿಲ್ಲದೆ ಉಳಿದವರು ಎನ್ನುತ್ತಾರೆ ಅವರು. ಸಂಜೆ ಏಳಕ್ಕೆ ಶಾಲೆಯಲ್ಲಿ ದೀಪ ಹಚ್ಚಿ ಕಾದರೆ ಸುಗ್ಗಿಯ ತಿಂಗಳುಗಳಲ್ಲಿ ಬರುವವರು ಯಾರು? ಆ ಹೊತ್ತಿಗೆ ಅವರು ಸುಲಿಯುವ ಚಪ್ಪರದಲ್ಲಿರುತ್ತಾರೆ. ಸುಲಿತ ಇಲ್ಲದ ದಿನ ಶುಂಠಿ ಹೊಲದಲ್ಲಿಯೋ ಮೆಕ್ಕೆಜೋಳದ ಕಣದಲ್ಲಿಯೋ ದುಡಿದು ಬಂದು ಒಲೆ ಹಚ್ಚಬೇಕು, ಮನೆಯವರಿಗೆಲ್ಲ ಬಡಿಸಬೇಕು. ದಿನದಲ್ಲಿ ಅವರು ಒಂದೆಡೆ ಸೇರಿ ಕೂರುವ, ಹಾಜರಿ ಖಾತ್ರಿಯಿರುವ ಜಾಗ ಎಂದರೆ ಕೆಲಸದ ಜಾಗವೊಂದೇ. ಕಲಿಸುವವರೇ ಅಲ್ಲಿಗೆ ಹೋಗಬೇಕು, ದಣಿದವರನ್ನು ಇನ್ನೊಂದು ಜಾಗಕ್ಕೆ ನಡೆಸಬಾರದು. ಮುಂಬಯಿಯಲ್ಲಿ 1967ರಲ್ಲಿ ಆರಂಭವಾದ ಮೊದಲ ಶ್ರಮಿಕ ವಿದ್ಯಾಪೀಠವೂ ಕಾರ್ಮಿಕರ ಹೊತ್ತಿಗೂ ಅಗತ್ಯಕ್ಕೂ ಪಾಠ ಹೊಂದಿಕೊಳ್ಳಬೇಕೆಂಬ ತತ್ತ್ವವನ್ನೇ ಹಿಡಿದಿತ್ತು.

ಈ ವಾದವನ್ನು ಒಪ್ಪಿಕೊಂಡರೂ ಅದಕ್ಕೆದುರಾಗಿ ಏಳುವ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ತಿಂಗಳ ಸಂಬಳದ ಕಾರ್ಖಾನೆಯಲ್ಲಿ ಒಂದು ಗಂಟೆ ಪಾಠಕ್ಕೆ ಬಿಟ್ಟರೆ ನಷ್ಟ ಮಾಲೀಕನದು. ಅಳತೆಯ ಕೂಲಿಯಲ್ಲಿ ಆ ಗಂಟೆಯ ನಷ್ಟ ಸುಲಿಯುವವಳದು. ಹಾಗಿದ್ದರೆ ಯಜಮಾನರೇ ಆ ಗಂಟೆಯ ಕೂಲಿ ಕೊಡಲಿ ಎಂದರೆ, ಈ ಸೀಮೆಯ ಯಜಮಾನರಲ್ಲಿ ಬಹಳ ಮಂದಿ ಒಂದೆರಡು ಎಕರೆಯ ತೋಟದವರು ಎಂಬುದನ್ನು ನೆನೆಯಬೇಕಾಗುತ್ತದೆ. ಧಾರಣೆ ಅವರ ಕೈಯಲ್ಲಿಲ್ಲ, ಕೊಳೆರೋಗ ಅವರ ಕೈಯಲ್ಲಿಲ್ಲ. ಆ ದಿನ ಇಳಿಸಿದ ಅಡಿಕೆ ಹೊತ್ತಿಗೆ ಸರಿಯಾಗಿ ಹಂಡೆಗೆ ಬೀಳದಿದ್ದರೆ ಕೆಡುವ ಮಾಲು ಅವರದೇ. ಖೇಣಿದಾರರು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿಸುತ್ತಾರೆ, ನಿಜ. ಆದರೆ ಅವರ ಕೆಲಸಗಾರರು ಋತುವಿಗೊಮ್ಮೆ ಬಂದು ಹೋಗುವವರು. ಇವತ್ತು ನಾನು ಕಲಿಸಿದವಳು ಮುಂದಿನ ವರ್ಷ ಇನ್ನೊಬ್ಬರ ಚಪ್ಪರದಲ್ಲಿ ಕೂತರೆ ನನಗೇನು ಬಂತು ಎಂದು ಅವರು ಕೇಳಿದರೆ, ಆ ಪ್ರಶ್ನೆಯನ್ನು ಜಿಪುಣತನ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ, ನ್ಯಾಯವಲ್ಲ.

ಯಜಮಾನರಿಗೇನು ಬಂತು ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ಉತ್ತರ ದೊರೆತಿದೆ. ಬೆಂಗಳೂರಿನ ಐದು ಸಿದ್ಧ ಉಡುಪು ಕಾರ್ಖಾನೆಗಳಲ್ಲಿ 2013-14ರಲ್ಲಿ ಹೆಣ್ಣು ಕೆಲಸಗಾರರಿಗೆ ಒಂದು ತರಬೇತಿ ನಡೆಯಿತು. ಮಾತುಕತೆ, ಸಮಯದ ನಿರ್ವಹಣೆ, ಹಣದ ಲೆಕ್ಕ, ಸಮಸ್ಯೆ ಬಂದಾಗ ಯೋಚಿಸುವ ಬಗೆ ಇವು ಅದರ ಪಾಠಗಳು. ವಾರಕ್ಕೆ ಎರಡು ಗಂಟೆಯಂತೆ ಒಟ್ಟು ಸುಮಾರು 80 ಗಂಟೆ. ಆಸಕ್ತಿ ತೋರಿದವರೊಳಗೆ ಚೀಟಿ ಎತ್ತಿದಂತೆ ಆಯ್ಕೆ ಮಾಡಿದ್ದರಿಂದ, ತರಬೇತಿ ಸಿಕ್ಕವರನ್ನೂ ಸಿಗದವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಲು ಸಾಧ್ಯವಾಯಿತು. ತರಬೇತಿ ಪಡೆದವರ ಉತ್ಪಾದಕತೆ ಗಮನಾರ್ಹವಾಗಿ ಏರಿತು. ತರಬೇತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಕಂಪನಿಗೆ ಹಾಕಿದ ಹಣದ ಎರಡೂವರೆ ಪಟ್ಟಿನಷ್ಟು ನಿವ್ವಳ ಲಾಭ ಬಂದಿತ್ತೆಂಬುದು ಅವರ ಅಂದಾಜು. ಕೆಲಸಗಾರರು ಕೆಲಸ ಬಿಡುತ್ತಲೇ ಇರುವ ಉದ್ಯಮದಲ್ಲೂ ಹೀಗೆ ಲಾಭವಾಗುವುದಾದರೆ, ಕಲಿಸಿದರೆ ಕೈಬಿಟ್ಟು ಹೋಗುತ್ತಾರೆಂಬ ಭಯಕ್ಕೆ ಹೇಳುವಷ್ಟು ಆಧಾರವಿಲ್ಲ. ಅದು ಅಕ್ಷರ ಕಲಿಸುವ ತರಬೇತಿಯಾಗಿರಲಿಲ್ಲ, ಕಾರ್ಖಾನೆಯ ಶಿಸ್ತೂ ತೋಟದ ಶಿಸ್ತೂ ಒಂದಲ್ಲ. ಹಾಗಾಗಿ ಆ ಅಂಕಿಗಳನ್ನು ಈ ಸೀಮೆಯ ತೋಟಗಳಿಗೆ ನೇರವಾಗಿ ಹೊಂದಿಸಬಾರದು. ಆದರೆ ಕಲಿಕೆಗೆ ಖರ್ಚು ಮಾಡಿದ ಮಾಲೀಕ ದಾನ ಮಾಡಿದನೆಂದು ಭಾವಿಸಬೇಕಾಗಿಲ್ಲ ಎಂಬಷ್ಟನ್ನು ಅವುಗಳಿಂದ ತೆಗೆದುಕೊಳ್ಳಬಹುದು.

ಅದೇ ಅಧ್ಯಯನ ಇನ್ನೊಂದು ಪಕ್ಷದ ಕೈಗೂ ಬಲ ಕೊಡುತ್ತದೆ. ಉತ್ಪಾದಕತೆ ಏರಿದಷ್ಟು ಕೂಲಿ ಏರಲಿಲ್ಲ. ಕೂಲಿಯ ಏರಿಕೆ ಅತ್ಯಲ್ಪವಾಗಿತ್ತು. ಕಲಿತವರು ಹೆಚ್ಚು ದುಡಿದರು, ಫಲದ ದೊಡ್ಡ ಪಾಲು ಕಂಪನಿಗೆ ಹೋಯಿತು. ಮಾಲೀಕನ ಜಾಗದಲ್ಲಿ, ಮಾಲೀಕನ ಹೊತ್ತಿನಲ್ಲಿ, ಮಾಲೀಕನ ಲೆಕ್ಕಾಚಾರದಂತೆ ಕಲಿಸಿದರೆ ಕಲಿಕೆ ಅವನ ಆಸ್ತಿಯಾಗುತ್ತದೆ ಎಂದು ಊರಿನ ಶಾಲೆಯ ಪರವಾಗಿರುವವರು ಹೇಳುವುದು ಇದನ್ನೇ. ಅವರ ಆತಂಕಕ್ಕೆ ಹಳೆಯ ನಿದರ್ಶನವೂ ಉಂಟು. ಯುನೆಸ್ಕೋ 1960ರ ದಶಕದ ಕೊನೆಯಲ್ಲಿ ಹನ್ನೊಂದು ದೇಶಗಳಲ್ಲಿ ಕೆಲಸಕ್ಕೆ ಹೆಣೆದ ಸಾಕ್ಷರತೆಯ ಪ್ರಯೋಗ ನಡೆಸಿತು. ಅದೇ ಕಾಲಕ್ಕೆ ಭಾರತದಲ್ಲಿ ಅಧಿಕ ಇಳುವರಿಯ ಬೀಜ, ಗೊಬ್ಬರದ ತಿಳಿವಳಿಕೆಯ ಜೊತೆಗೆ ರೈತರಿಗೆ ಅಕ್ಷರ ಕಲಿಸುವ ಯೋಜನೆ ಬಂತು. ಯುನೆಸ್ಕೋ ಪ್ರಯೋಗದ ಮೌಲ್ಯಮಾಪನ 1976ರಲ್ಲಿ ಹೊರಬಂದಾಗ, ಉತ್ಪಾದನೆಯೊಂದನ್ನೇ ಗುರಿಯಾಗಿಟ್ಟುಕೊಂಡ ಪಾಠ ಸಾಲದು, ಕಲಿಯುವವರ ಸಾಮಾಜಿಕ, ಸಾಂಸ್ಕೃತಿಕ ಬದುಕೂ ಅದರಲ್ಲಿ ಸೇರಬೇಕು ಎಂಬ ಮಾತು ಮುಖ್ಯವಾಗಿ ಕೇಳಿಬಂತು.

ಹೀಗೆ ಜಾಗದ ಪ್ರಶ್ನೆ ತಾನಾಗಿ ಪಾಠದ ಪ್ರಶ್ನೆಯಾಗುತ್ತದೆ. ನನ್ನ ಎಣಿಕೆಯಲ್ಲಿ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ.

ಕೈಯಲ್ಲಿರುವ ಕಾಗದದಿಂದ ಆರಂಭಿಸಿ ಎನ್ನುವವರಿಗೆ ಈ ಸೀಮೆಯ ಇತಿಹಾಸ ಸಾಕ್ಷಿ ನುಡಿಯುತ್ತದೆ. ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ವಿಚಾರಕ್ಕೆ. ಕೊಡುವ ಕೊಳಗವೊಂದು, ತೆಗೆದುಕೊಳ್ಳುವ ಕೊಳಗವೊಂದು ಆಗಿದ್ದ ಕಾಲವದು. ಅಳತೆಯನ್ನು ತಿಳಿಯುವುದು ಬಡವರಿಗೆ ಬದುಕಿನ ಪ್ರಶ್ನೆ ಎಂಬುದನ್ನು ಮಲೆನಾಡು ಪುಸ್ತಕದಿಂದ ಕಲಿತದ್ದಲ್ಲ. ಈಗಿನ ಅಳತೆಗಳು ಕಾಗದಕ್ಕೂ ಪರದೆಗೂ ಸರಿದಿವೆ: ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್, ಗಾರ್ಮೆಂಟ್ಸ್‌ಗೆ ಹೋಗುವವರ ಸಂಬಳದ ಚೀಟಿಯಲ್ಲಿ ಪಿ.ಎಫ್., ಇ.ಎಸ್.ಐ. ಕಡಿತದ ಸಾಲುಗಳು. ಮೈಕ್ರೋಫೈನಾನ್ಸ್ ಸಾಲಪತ್ರದಲ್ಲಿ ಬಡ್ಡಿಯ ದರ ಯಾವ ಮೂಲೆಯಲ್ಲಿದೆ ಎಂದು ಹುಡುಕಲು ಬಾರದೆ ಹೆಬ್ಬೆಟ್ಟು ಒತ್ತಿದ ಕುಟುಂಬಗಳ ಸಂಕಟ 2025ರ ಆರಂಭದಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರುವಷ್ಟರಮಟ್ಟಿಗೆ ಬೆಳೆದಿತ್ತು. ಇಂಥವರಿಗೆ ಅ ಆ ಇ ಈಯಿಂದ ಶುರುಮಾಡಿ ಆರು ತಿಂಗಳ ಮೇಲೆ ಪ್ರಯೋಜನ ತೋರಿಸುವುದಕ್ಕಿಂತ, ಮೊದಲ ವಾರದಲ್ಲೇ ಅವರ ಚೀಟಿಯಲ್ಲಿ ಅವರ ಹೆಸರನ್ನೂ ಕಿಲೋ ಎಂಬ ಪದವನ್ನೂ ಗುರುತಿಸಲು ಕಲಿಸಿದರೆ ಕಲಿಕೆಯ ಮೇಲೆ ನಂಬಿಕೆ ಹುಟ್ಟುತ್ತದೆ. ನಂಬಿಕೆ ಹುಟ್ಟಿದವರು ಮರುದಿನ ಬರುತ್ತಾರೆ.

ಇದಕ್ಕೆ ಎದುರಾಡುವವರೂ ಅದೇ ಇತಿಹಾಸವನ್ನು ಮುಂದಿಡಬಲ್ಲರು. ಕಾಗೋಡಿನ ಗೇಣಿದಾರರಿಗೆ ಕೊಳಗದ ಅನ್ಯಾಯ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಕೇಳುವ ಬಲ ಬಂದದ್ದು ಸಂಘಟನೆಯಿಂದ, ಹೊರಗಿನ ಜಗತ್ತಿನ ತಿಳಿವಳಿಕೆಯಿಂದ. ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರಂಥವರು ಆ ಹೋರಾಟದ ದನಿಯಾದರು. ಮುಂದೆ 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಉಳುವವನು ಭೂಮಿಗಾಗಿ ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಅರ್ಜಿ ಹಾಕಿದವರಿಗೆ ಭೂ ನ್ಯಾಯಮಂಡಳಿಯ ಬಾಗಿಲು ತೆರೆಯಿತು. ಹಾಕಲು ತಿಳಿಯದವರು, ಹೆದರಿದವರು ಹೊರಗೆ ಉಳಿದರು. ಆ ಅರ್ಜಿಯನ್ನು ಯಾವ ಧಣಿಯ ಮನೆಯ ತರಬೇತಿ ಕಲಿಸುತ್ತಿತ್ತು? ತೂಕದ ಚೀಟಿ ಓದಲು ಕಲಿಸುವ ಯಜಮಾನ ಕನಿಷ್ಠ ಕೂಲಿಯ ಅಧಿಸೂಚನೆ ಓದಲು ಕಲಿಸುವನೇ? ಈ ಪ್ರಶ್ನೆಯಲ್ಲಿ ಯಜಮಾನರ ಮೇಲೆ ಅಪವಾದ ಹೊರಿಸುವ ಉದ್ದೇಶವಿರಬೇಕಾಗಿಲ್ಲ. ಯಾರೂ ತಮ್ಮ ಹಿತಕ್ಕೆ ಎದುರಾದ ಪಾಠವನ್ನು ತಾವಾಗಿ ಬರೆಯುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ಸಾಕು.

ಈ ನೆಲಕ್ಕೇ ಸೇರಿದ ಇನ್ನೂ ಆಳವಾದ ಆಕ್ಷೇಪವೊಂದಿದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿ ವಚನಕಾರ್ತಿ ಅಕ್ಕಮಹಾದೇವಿಯ ಊರು. ಅದೇ ತಾಲ್ಲೂಕಿನ ಹಿರೇಜಂಬೂರು ಶರಣೆ ಸತ್ಯಕ್ಕನ ಊರೆಂದು ಹೇಳುತ್ತಾರೆ. ಶಿವಭಕ್ತರ ಅಂಗಳ ಗುಡಿಸುವುದು ಆಕೆಯ ಕಾಯಕವಾಗಿತ್ತು ಎಂಬುದು ಪರಂಪರೆಯ ನೆನಪು. ಅಂಗಳ ಗುಡಿಸುವವಳಿಗೆ ಬೇಕಾದ ಮಾತು ಗುಡಿಸುವುದಕ್ಕೆ ಸಂಬಂಧಿಸಿದ್ದು ಮಾತ್ರ ಎಂದು ಆ ಕಾಲ ಭಾವಿಸಿದ್ದರೆ ಸತ್ಯಕ್ಕನ ವಚನಗಳು ನಮ್ಮ ಪಾಲಿಗೆ ಇರುತ್ತಿರಲಿಲ್ಲ. ಅಡಿಕೆ ಸುಲಿಯುವವಳಿಗೆ ಅಡಿಕೆಯ ಮಾತಷ್ಟೇ ಸಾಕೆಂದು ಪಾಠ ರೂಪಿಸುವುದು ಆಕೆಯ ಮನಸ್ಸಿನ ಅಳತೆಯನ್ನು ಮೊದಲೇ ಕುಗ್ಗಿಸಿದಂತೆ. ಉಡುತಡಿಯಿಂದ ಸ್ವಲ್ಪವೇ ದೂರದ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನ ವರ್ಣಿಸುವಾಗ, ಶಾಸ್ತ್ರಗಳ ಅಧ್ಯಯನ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಇವೆಲ್ಲ ಒಂದೇ ಜಾಗದಲ್ಲಿ ನಡೆಯುತ್ತಿದ್ದುದನ್ನು ಹೇಳುತ್ತದೆ. ಆ ಅಧ್ಯಯನ ಎಲ್ಲರಿಗೂ ತೆರೆದಿತ್ತೆಂದು ಹೇಳಿದರೆ ಅತಿಯಾದೀತು. ಆದರೂ ಹೊಟ್ಟೆಯ ಅಗತ್ಯವೂ ವಿದ್ಯೆಯೂ ಒಂದೆಡೆ ಇರಬಹುದು, ಒಂದು ಇನ್ನೊಂದನ್ನು ಕಿರಿದುಗೊಳಿಸಬೇಕಿಲ್ಲ ಎಂಬ ಕಲ್ಪನೆ ಇಲ್ಲಿಗೆ ಹೊಸದಲ್ಲ.

ಕ್ಯೂಬಾದ ಚುರುಟು ಕಾರ್ಖಾನೆಗಳ ಕಥೆ ಈ ಬಿಕ್ಕಟ್ಟಿಗೆ ಅನಿರೀಕ್ಷಿತವಾದ ಬೆಳಕು ಕೊಡುತ್ತದೆ. ಹೊಗೆಸೊಪ್ಪು ಸುತ್ತುವ ಕೆಲಸದಲ್ಲಿಯೂ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವು. ಹವಾನಾದಲ್ಲಿ 1865ರಿಂದ ಕೆಲಸಗಾರರು ಒಬ್ಬ ಓದುಗನನ್ನು ಎತ್ತರದ ಪೀಠದಲ್ಲಿ ಕೂರಿಸಿ ಪತ್ರಿಕೆ, ಕಾದಂಬರಿ, ಇತಿಹಾಸಗಳನ್ನು ಗಟ್ಟಿಯಾಗಿ ಓದಿಸತೊಡಗಿದರು. ಓದುಗನ ಸಂಬಳ ಕೆಲಸಗಾರರ ವಂತಿಗೆಯಿಂದ. ಏನು ಓದಬೇಕೆಂಬ ಆಯ್ಕೆಯೂ ಅವರದೇ. ಮರುವರ್ಷವೇ ಆಳುವವರು ಅದನ್ನು ನಿಷೇಧಿಸಿದರು ಎಂಬುದೂ, ಪದ್ಧತಿ ಮತ್ತೆ ತಲೆಯೆತ್ತಿ ಇಂದಿಗೂ ಉಳಿದಿದೆ ಎಂಬುದೂ ಗಮನಿಸಬೇಕಾದವು. ಜಾಗ ಮಾಲೀಕನದೇ ಆಗಿದ್ದರೂ ಪಾಠ ಕೆಲಸಗಾರರದಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಹಾಗೆ ಆದಾಗ ಮಾಲೀಕರಿಗೂ ಸರ್ಕಾರಕ್ಕೂ ಕಸಿವಿಸಿಯಾಗುತ್ತದೆ ಎಂಬುದಕ್ಕೂ ಸಾಕ್ಷಿ. ಮಲೆನಾಡಿನ ಸುಲಿತದ ಚಪ್ಪರಗಳಲ್ಲಿ ಹಾಡು, ಕಥೆ, ಭದ್ರಾವತಿ ಆಕಾಶವಾಣಿಯ ಕಾರ್ಯಕ್ರಮ ಕೈಕೆಲಸದ ಜೊತೆಗೇ ಸಾಗಿದ್ದನ್ನು ಬಲ್ಲವರಿಗೆ ಈ ಕಲ್ಪನೆ ಪರಕೀಯವೆನಿಸದು. ಗಟ್ಟಿಯಾಗಿ ಓದಿದ್ದನ್ನು ಕೇಳುವುದು ತಾನೇ ಓದಲು ಕಲಿತಂತಲ್ಲ, ಸರಿ. ಓದಬೇಕೆಂಬ ಆಸೆ ಅಲ್ಲಿಂದ ಹುಟ್ಟಬಹುದು.

ಕಲಿಯುವವರ ಸಂಕೋಚದ ವಿಷಯವನ್ನೂ ತೂಗಬೇಕು. ನಲವತ್ತೈದರ ಹೆಂಗಸಿಗೆ ತನಗೆ ಓದಲು ಬಾರದೆಂಬುದು ಖೇಣಿದಾರರ ಮುಂದೆ, ಮೇಸ್ತ್ರಿಯ ಮುಂದೆ, ತನ್ನ ಮಗಳ ವಯಸ್ಸಿನ ಜೊತೆಗಾತಿಯರ ಮುಂದೆ ಬಯಲಾಗುವುದು ಸುಲಭದ ಸಂಗತಿಯಲ್ಲ. ಕೆಲಸದ ಜಾಗದಲ್ಲಿ ಈ ಮಾಹಿತಿಯಿಂದ ಅಪಾಯವೂ ಇದೆ: ಯಾರಿಗೆ ಲೆಕ್ಕ ಬಾರದು ಎಂಬುದು ಲೆಕ್ಕ ಬರೆಯುವವರಿಗೆ ತಿಳಿಯುತ್ತದೆ. ಆದರೆ ಊರಿನ ಶಾಲೆಯಲ್ಲಿ ಸಂಕೋಚ ಕಡಿಮೆಯೆಂದು ಹೇಳುವುದೂ ಕಷ್ಟ. ನೆಂಟರು, ನೆರೆಯವರು, ಮೊಮ್ಮಕ್ಕಳು ನೋಡುವ ಜಾಗವದು. ಕೆಲಸದಲ್ಲಿ ಎಲ್ಲರೂ ಒಟ್ಟಿಗೆ ಕೂತು ಕಲಿಯುವಾಗ ನಾಚಿಕೆ ಹಂಚಿಹೋಗುತ್ತದೆ ಎನ್ನುವವರ ಮಾತಿನಲ್ಲೂ ಹುರುಳಿದೆ. 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಲು ನೋಡಿತು. ಮೊದಲು ಹೆಂಗಸರ ಸಂಘ, ಅವರ ಮಾತು, ಅವರ ಕಷ್ಟ. ಅಕ್ಷರವನ್ನು ಅವರು ಬಯಸಿ ಕೇಳಿದಾಗ ಕಲಿಸುವುದು. ನಿಧಾನದ ದಾರಿಯದು, ಆದರೆ ಕಲಿಯುವವಳ ಮಾನ ಉಳಿಸುವ ದಾರಿ.

ಭಾಷೆಯ ತೊಡಕು ಎರಡೂ ಪಕ್ಷಕ್ಕೆ ಸಮಾನ. ಶಿಕಾರಿಪುರದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಶಿರಾಳಕೊಪ್ಪದ ಬೀದಿಗಳಲ್ಲಿ ಉರ್ದುವೂ ಕೇಳುತ್ತದೆ. ಕನ್ನಡದ ಅಕ್ಷರ ಕಲಿಸುವಾಗ ಅವರ ಮನೆಮಾತಿನಲ್ಲಿ ವಿವರಿಸಬಲ್ಲವರು ಬೇಕು. ಅಂಥವರು ಊರಿನೊಳಗೇ ಸಿಗುವುದರಿಂದ ಈ ಒಂದು ವಿಷಯದಲ್ಲಿ ತಾಂಡಾದ ಶಾಲೆಗೆ ಸ್ವಲ್ಪ ಅನುಕೂಲ ಹೆಚ್ಚು.

ಮೊಬೈಲ್ ಓದಿ ಹೇಳುವ ಕಾಲದಲ್ಲಿ ಈ ಶ್ರಮವೇಕೆ ಎಂದು ಕೇಳುವವರೂ ಇದ್ದಾರೆ. ಧ್ವನಿ ಸಂದೇಶದಲ್ಲಿ ಸುದ್ದಿ ತಿಳಿಯುತ್ತದೆ, ಅಂಗಡಿಯ ಧ್ವನಿಪೆಟ್ಟಿಗೆ ಹಣ ಬಂದದ್ದನ್ನು ಕೂಗಿ ಹೇಳುತ್ತದೆ. ಇದು ದೊಡ್ಡ ಅನುಕೂಲವೇ. ಆದರೆ ಮೋಸದ ಸಂದೇಶವೂ ಅದೇ ಧ್ವನಿಯಲ್ಲಿ ಬರುತ್ತದೆ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ 2023ರ ಜನವರಿಯಿಂದ ಹಾಜರಿ ಮೊಬೈಲ್ ಆ್ಯಪಿಗೆ ಹೋದ ಮೇಲೆ, ತನ್ನ ಹಾಜರಿ ಬಿದ್ದಿದೆಯೇ ಎಂದು ನೋಡಿಕೊಳ್ಳಲು ಹಿಂದಿಗಿಂತ ಹೆಚ್ಚೇ ಓದು ಬೇಕಾಗಿದೆ. ಈ ಆಕ್ಷೇಪಕ್ಕೆ ಇಷ್ಟು ಉತ್ತರ ಸಾಕು.

ಯೋಜನೆ ಮಾಡುವವರನ್ನು ನಿಜವಾಗಿ ಕಟ್ಟಿಹಾಕುವುದು ಗಂಟೆಗಳ ಲೆಕ್ಕ. ಸಂಪೂರ್ಣ ಸಾಕ್ಷರತಾ ಆಂದೋಲನದ ಕಾಲದಲ್ಲಿ ಮೂರು ಪ್ರವೇಶಿಕೆಗಳನ್ನು ಮುಗಿಸಲು ಸುಮಾರು 200 ಗಂಟೆ ಬೇಕೆಂದು ಎಣಿಸಿದ್ದರು. ಅಡಿಕೆಯ ಸುಗ್ಗಿಯನ್ನು ನಾಲ್ಕು ತಿಂಗಳೆಂದು ಹಿಡಿದು, ದಿನಕ್ಕೊಂದು ಗಂಟೆಯಂತೆ ಲೆಕ್ಕ ಹಾಕಿದರೂ ರಜೆ, ಮಳೆ, ಹಬ್ಬ ಕಳೆದು ನೂರು ಗಂಟೆ ಸಿಕ್ಕೀತು. ಅರ್ಧ ದಾರಿ. ಉಳಿದ ಅರ್ಧ ಸುಗ್ಗಿಯ ಹೊರಗೆ, ಚಪ್ಪರದ ಹೊರಗೆ ನಡೆಯಲೇಬೇಕು. ಬರೀ ಕೆಲಸದ ಜಾಗವನ್ನು ನೆಚ್ಚಿದರೆ ಕಲಿತದ್ದು ಮಳೆಗಾಲದಲ್ಲಿ ಮರೆತುಹೋಗುತ್ತದೆ. ಬರೀ ಊರಿನ ಶಾಲೆಯನ್ನು ನೆಚ್ಚಿದರೆ ಸುಗ್ಗಿಯಲ್ಲಿ ಅದು ಬರಿದಾಗುತ್ತದೆ. ಇಂಗ್ಲೆಂಡಿನಲ್ಲಿ 2000ದ ದಶಕದಲ್ಲಿ ಸರ್ಕಾರದ ಹಣದಿಂದ ನಡೆದ ಕೆಲಸದ ಜಾಗದ ಸಾಕ್ಷರತಾ ತರಗತಿಗಳನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ಸಂಶೋಧಕರೂ ಇಂಥದನ್ನೇ ಕಂಡರು. ಚಿಕ್ಕ ತರಗತಿಯಿಂದ ಬಂದ ಲಾಭ ಅಲ್ಪ. ಕಲಿತದ್ದನ್ನು ನಿತ್ಯ ಬಳಸುವ ಅವಕಾಶ ಸಿಕ್ಕವರು ಮುಂದೆ ಸಾಗಿದರು, ಅನುದಾನ ನಿಂತ ಕಡೆ ತರಗತಿಗಳೂ ನಿಂತವು.

ಕಲಿಸುವವರ ಬಗ್ಗೆಯೂ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ. ಉಲ್ಲಾಸ್ ಸ್ವಯಂಸೇವಕರ ಮೇಲೆ ನಿಂತ ಕಾರ್ಯಕ್ರಮ. ಸೇವಾಭಾವದಿಂದ ಬಂದವರು ಕಲಿಸುವ ರೀತಿಯೇ ಬೇರೆ, ಸಂಬಳದ ಹಂಗಿಗೆ ಬಿದ್ದರೆ ಅದು ಇನ್ನೊಂದು ಗುತ್ತಿಗೆ ಕೆಲಸವಾಗುತ್ತದೆ ಎಂಬ ವಾದವನ್ನು 1990ರ ದಶಕದ ಸಾಕ್ಷರತಾ ಜಾಥಾಗಳನ್ನು ಕಂಡವರು ಹಗುರಾಗಿ ತೆಗೆದುಕೊಳ್ಳರು. ಆದರೆ ಸುಗ್ಗಿಯ ನಾಲ್ಕು ತಿಂಗಳು ಪ್ರತಿ ಸಂಜೆ ಚಪ್ಪರಕ್ಕೆ ಹೋಗಿ ಕಲಿಸುವುದು ಉತ್ಸಾಹದಿಂದಷ್ಟೇ ಆಗುವ ಕೆಲಸವಲ್ಲ. ಇತರರ ಶ್ರಮಕ್ಕೆ ತಕ್ಕ ಕೂಲಿ ಸಿಗಲೆಂದು ಲೆಕ್ಕ ಕಲಿಸುವವಳಿಗೆ ತನ್ನ ಶ್ರಮಕ್ಕೆ ಕೂಲಿಯಿಲ್ಲ ಎಂಬುದನ್ನು ಸಮರ್ಥಿಸುವುದು ನನಗಂತೂ ಕಷ್ಟ.

ಎರಡೂ ಕಡೆಯನ್ನು ಹೀಗೆ ತೂಗಿದಾಗ, ಒಂದು ಪಕ್ಷಕ್ಕೆ ಪೂರ್ತಿ ಗೆಲುವು ಕೊಡಲು ಮನಸ್ಸು ಒಪ್ಪುವುದಿಲ್ಲ. ಜಾಗ ಮತ್ತು ಹೊತ್ತಿನ ವಿಷಯದಲ್ಲಿ ಕೆಲಸದ ಜಾಗದವರ ವಾದ ಹೆಚ್ಚು ತೂಕದ್ದೆಂದು ತೋರುತ್ತದೆ. ಪಾಠ ಮತ್ತು ಒಡೆತನದ ವಿಷಯದಲ್ಲಿ ಊರಿನ ಶಾಲೆಯವರ ವಾದ. ಆದ್ದರಿಂದ, ಸಾಕಷ್ಟು ಹಿಂಜರಿಕೆಯೊಂದಿಗೇ, ಹೀಗೆ ಮಾಡಿ ನೋಡಬಹುದು ಎನಿಸುತ್ತದೆ. ಕಲಿಕೆ ಸುಗ್ಗಿಯಲ್ಲಿ ಚಪ್ಪರದಲ್ಲಿ ಆರಂಭವಾಗಲಿ, ಮಳೆಗಾಲದಲ್ಲಿ ಊರಿನ ಶಾಲೆಗೆ ಅಥವಾ ಅಂಗನವಾಡಿಗೆ ಸರಿಯಲಿ. ಹೊತ್ತಿನ ಖರ್ಚಿಗೆ ಬೆಂಗಳೂರಿನ ಆ ಕಾರ್ಖಾನೆಗಳಲ್ಲಿ ಅನುಸರಿಸಿದ ಕ್ರಮ ಒಂದು ಮಾದರಿ: ವಾರದ ಎರಡು ಗಂಟೆಗಳಲ್ಲಿ ಒಂದು ಕಂಪನಿಯದು, ಒಂದು ಕೆಲಸಗಾರರ ಸ್ವಂತದ್ದು. ಸಣ್ಣ ತೋಟದವರಿಗೆ ಅಷ್ಟೂ ಭಾರವೆನಿಸಿದರೆ ಯಜಮಾನರ ಪಾಲಿನ ಗಂಟೆಯ ಕೂಲಿಯನ್ನು ಪಂಚಾಯಿತಿಯೋ ಅಡಿಕೆ ಬೆಳೆಗಾರರ ಸಹಕಾರ ಸಂಘವೋ ಭಾಗಶಃ ಹೊರಬಹುದು. ಖೇಣಿದಾರರಿಗೆ ಆ ವಿನಾಯಿತಿ ಬೇಕಿಲ್ಲ. ಕಲಿಸುವವರು ಅದೇ ಊರಿನ, ಸಾಧ್ಯವಾದರೆ ಅದೇ ಮನೆಮಾತಿನ ಹೆಂಗಸರಾಗಿದ್ದು, ಅವರಿಗೆ ಗೌರವಧನ ಸಿಗಬೇಕು. ಉದ್ಯೋಗ ಖಾತರಿಯ ಕಾಯಕ ಬಂಧುಗಳಾಗಿ ದುಡಿದು ಹಾಜರಿ, ಅಳತೆ ಬಲ್ಲವರು ಇದಕ್ಕೆ ಹತ್ತಿರದ ಆಯ್ಕೆ.

ಪಾಠದ ಮೊದಲ ಭಾಗ ಕಲಿಯುವವರ ಕೈಯ ಚೀಟಿ, ಪಾಸ್‌ಬುಕ್, ಕಾರ್ಡುಗಳಿಂದ ಬರಲಿ. ಎರಡನೆಯ ಭಾಗದಲ್ಲಿ ಏನಿರಬೇಕೆಂಬುದನ್ನು ಕಲಿಯುವವರೇ ಕೂತು ತೀರ್ಮಾನಿಸಲಿ. ಪತ್ರಿಕೆಯೋ, ಮಗನ ಸಂದೇಶವೋ, ಅಕ್ಕನ ವಚನವೋ, ಕನಿಷ್ಠ ಕೂಲಿಯ ಆದೇಶವೋ ಅದು ಅವರ ಹಕ್ಕು, ಅದರಲ್ಲಿ ಯಜಮಾನರಿಗಾಗಲಿ ಇಲಾಖೆಗಾಗಲಿ ಮಾತಿರಬಾರದು. ಯಾರಿಗೆ ಎಷ್ಟು ಬರುತ್ತದೆ ಎಂಬ ದಾಖಲೆ ಕಲಿಸುವವರ ಹತ್ತಿರ ಉಳಿಯಲಿ, ಲೆಕ್ಕ ಬರೆಯುವವರ ಕೈಗೆ ಹೋಗದಿರಲಿ. ಪರೀಕ್ಷೆ ಬೇಕು, ಪ್ರಮಾಣಪತ್ರವೂ ಬೇಕು. ಆದರೆ ಯೋಜನೆ ಗೆದ್ದಿತೋ ಸೋತಿತೋ ಎಂಬುದನ್ನು ಮರುಸುಗ್ಗಿಯ ಬಟವಾಡೆಯ ದಿನ ಎಷ್ಟು ಮಂದಿ ತಮ್ಮ ಅಳತೆಯನ್ನು ತಾವೇ ಬರೆದಿಟ್ಟುಕೊಂಡು ಬಂದರು ಎಂಬುದರಿಂದಲೂ ನೋಡಬೇಕು.

ಇಷ್ಟಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಶಿಕ್ಷಣಕ್ಕೆ ಸಂಬಳ ಸಹಿತ ರಜೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲೇ ಒಡಂಬಡಿಕೆ ಮಾಡಿದ್ದರೂ ಭಾರತ ಅದನ್ನು ಅಂಗೀಕರಿಸಿಲ್ಲ. ಅಂಗೀಕರಿಸಿದರೂ ಅದು ಸುಲಿತದ ಚಪ್ಪರದವರೆಗೆ ತಲುಪುವುದು ದೂರದ ಮಾತು. ಒಂದು ಗ್ರಾಮ ಪಂಚಾಯಿತಿ, ಆ ಊರಿನ ಸ್ತ್ರೀಶಕ್ತಿ ಸಂಘಗಳು, ಒಪ್ಪುವ ನಾಲ್ಕಾರು ತೋಟದವರು, ಒಬ್ಬಿಬ್ಬರು ಖೇಣಿದಾರರು ಸೇರಿದರೆ ಒಂದು ಸುಗ್ಗಿಯ ಮಟ್ಟಿಗೆ ಪ್ರಯೋಗ ಮಾಡಬಹುದು. ಶಿಕಾರಿಪುರ, ಸೊರಬದ ಪಂಚಾಯಿತಿಗಳು ಕೊಯ್ಲು ಆರಂಭವಾಗುವ ಮೊದಲೇ, ಮಳೆಗಾಲದ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದೂ, ಆ ಸಭೆಗೆ ಸುಲಿಯುವ ಹೆಂಗಸರನ್ನು ಕರೆದು ಮೊದಲು ಅವರ ಮಾತು ಕೇಳಬೇಕೆಂದೂ ನನ್ನ ವಿನಂತಿ.